ಮಗಳ ಬಲ ಕರೊನರಿ (ಹೃದಯಕ್ಕೆ ರಕ್ತ ಕೊಡುವ ನಾಳ) ತಪ್ಪು ಕಡೆಯಿಂದ ಹುಟ್ಟಿದೆ: ಆಪರೇಷನ್ ಮಾಡಿಸಿದವರು, ಕಾದವರು ಅನುಭವ ತಿಳಿಸಿ

ಮೈಸೂರಿನ ತಾಯಿ: ಮಗಳಿಗೆ 13 ವರ್ಷ, ಕಬಡ್ಡಿ ಆಡುತ್ತಾಳೆ. ಒಮ್ಮೆ ಎದೆ ಹಿಡಿದುಕೊಂಡಿತೆಂದು ಸಿಟಿ ಆಂಜಿಯೊ (ರಕ್ತನಾಳಗಳ ಸ್ಕ್ಯಾನ್) ಮಾಡಿಸಿದೆವು. ಬಲ ಕರೊನರಿ ಮಹಾಪಧಮನಿಯ ಬುಡದ ಎಡ ಉಬ್ಬಿನಿಂದ (ಸೈನಸ್) ಹೊರಟು ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದಿದೆ. ಟ್ರೆಡ್‌ಮಿಲ್ ಪರೀಕ್ಷೆ ಸರಿ ಇದೆ. ಒಬ್ಬ ವೈದ್ಯರು ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಕಾಯೋಣ ಎನ್ನುತ್ತಾರೆ.

ತೀರ್ಥಹಳ್ಳಿಯ ತಂದೆ: ನನ್ನ ಮಗನದು ಎಡ ಕರೊನರಿ. ಅನ್‌ರೂಫಿಂಗ್ (ಮಹಾಪಧಮನಿಯ ಗೋಡೆಯೊಳಗೆ ಸಿಕ್ಕಿಕೊಂಡ ನಾಳವನ್ನು ತೆರೆದು ಬಿಡಿಸುವ ಆಪರೇಷನ್) ಮಾಡಿಸಿದೆವು. ಪ್ಯಾಕೇಜ್ 3.80 ಲಕ್ಷ ಎಂದಿದ್ದರು. ಬಿಡುಗಡೆಯ ದಿನ ಬಿಲ್ಲು 5,12,400. ಕೈಗವಸಿಗೂ ಬೇರೆ ಲೆಕ್ಕ! ಮನೆಗೆ ಬಂದ ಹನ್ನೊಂದನೆಯ ದಿನ ಜ್ವರ, ಹೃದಯದ ಸುತ್ತ ನೀರು. ಮತ್ತೆ ಆರು ದಿನ, 68 ಸಾವಿರ. ಹುಟ್ಟಿನಿಂದ ಬಂದದ್ದೆಂದು ವಿಮೆಯವರು ಹಣ ಕೊಡದೆ ಕೈಯೆತ್ತಿದರು. ಆದರೂ ಮಾಡಿಸಿದ್ದೇ ಸರಿ. ಕಾಯುವವರಿಗೆ ಮಕ್ಕಳ ಮೇಲೆ ಅದೆಂಥ ಪ್ರೀತಿಯೋ.

ಶಿರಸಿಯ ತಾಯಿ: ಕಾಯುತ್ತಿರುವವಳು ನಾನು. ಎಡದ ಹೆಚ್ಚಿನ ಅಪಾಯವನ್ನು ತಂದು ಬಲಕ್ಕೆ ಅಂಟಿಸಬೇಡಿ. ನನ್ನ ಮಗನದು ಬಲ, ಯಾವ ಲಕ್ಷಣವೂ ಇರಲಿಲ್ಲ. ಆರು ವರ್ಷಗಳಿಂದ ವರ್ಷಕ್ಕೊಮ್ಮೆ ಪರೀಕ್ಷೆ. ಓಟ ಬಿಡಿಸಿದಾಗ ಬೂಟನ್ನು ಅಟ್ಟಕ್ಕೆಸೆದವನು ಮೂರು ತಿಂಗಳು ನನ್ನ ಮುಖ ನೋಡಿ ಮಾತನಾಡಲಿಲ್ಲ. ಅದನ್ನು ಯಾವ ಬಿಲ್ಲಿನಲ್ಲಿ ಬರೆಯುತ್ತೀರಿ?

ಹಾಸನದ ತಾಯಿ: ನಿಮಗೆ ಯೋಚಿಸಲು ಪುರುಸೊತ್ತಾದರೂ ಸಿಕ್ಕಿತು. ನನ್ನ ಕೂಸಿನದು ಅಲ್‌ಕಾಪಾ, ಎಡ ಕರೊನರಿಯ ಇನ್ನೊಂದು ಬಗೆಯ ಹುಟ್ಟುದೋಷ. ಎರಡೂವರೆ ತಿಂಗಳಿಗೆ ಹಾಲು ಕುಡಿಯುವಾಗ ಹಣೆಯೆಲ್ಲ ಬೆವರು, ಚೀರಾಟ. ಹೊಟ್ಟೆನೋವೆಂದು ಓಮದ ನೀರು ಹಾಕಿದೆವು. ಆಮೇಲೆ ಹೃದಯದ ಸ್ನಾಯುವಿನ ಕಾಯಿಲೆಯೆಂದು ಐದು ವಾರ ಔಷಧಿ. ಬೇರೊಬ್ಬರು ಎಕೊ ಮಾಡಿದಾಗ ಗೊತ್ತಾಯಿತು, ಕರೊನರಿ ಹೊರಟಿರುವುದೇ ಶ್ವಾಸಕೋಶದ ಅಪಧಮನಿಯಿಂದ. ಇಎಫ್ (ಹೃದಯ ರಕ್ತ ಹೊರದೂಡುವ ಪ್ರಮಾಣ) ಆಗ ಶೇ 22. ಆಪರೇಷನ್ ಆದ ಮೇಲೆ ಮೂರು ದಿನ ಎದೆ ಮುಚ್ಚಲಿಲ್ಲ. ತೆಳು ಹಾಳೆಯ ಕೆಳಗೆ ಏನೋ ಮಿಡಿಯುವುದನ್ನು ಗಾಜಿನಾಚೆಯಿಂದ ನೋಡಿದ್ದೇನೆ. ಎಂಟು ತಿಂಗಳಿಗೆ 54 ಬಂತು. ಖರ್ಚು ಆಯುಷ್ಮಾನ್ ಕಾರ್ಡಿನಲ್ಲಿ ಆಯಿತು.

ತೀರ್ಥಹಳ್ಳಿಯ ತಂದೆ: ಬಿಪಿಎಲ್‌ನವರಿಗೆ 5 ಲಕ್ಷದವರೆಗೆ ಸುಲಭ. ನಮ್ಮಂಥ ಎಪಿಎಲ್‌ನವರಿಗೆ ಶೇ 30 ಮಾತ್ರ.

ಹಾಸನದ ತಾಯಿ: ಸುಲಭವೇ? ಮಂಜೂರಾತಿಗೆ ನಾಲ್ಕು ದಿನ, ಆರು ಮಂದಿ ರಕ್ತದಾನಿಗಳನ್ನು ನಾವೇ ಹುಡುಕಿ ತರಬೇಕಾಯಿತು. ಅಡಿಕೆ ತೋಟದವರು ಬಡವರ ಕಾರ್ಡಿನ ಮೇಲೆ ಕಣ್ಣು ಹಾಕುವುದು ಚೆನ್ನಾಗಿದೆ.

ತೀರ್ಥಹಳ್ಳಿಯ ತಂದೆ: ತೋಟಕ್ಕೆ ಎಲೆಚುಕ್ಕಿ ರೋಗ. ಬಂದು ನೋಡಿ.

ಹುಬ್ಬಳ್ಳಿಯವರು: ತೀರ್ಥಹಳ್ಳಿಯ ಸರ್, ನಿಮ್ಮ ವಿಮೆಯ ಮಾತಿಗೆ: ಹೊರಗೆ ಕಾಣುವ ಜನ್ಮಜಾತ ದೋಷ ಬೇರೆ, ಒಳಗಿನದು ಬೇರೆ. ನಿಮ್ಮ ಪಾಲಿಸಿಯಲ್ಲಿ ಯಾವುದನ್ನು ಬಿಟ್ಟಿದ್ದಾರೆಂದು ಓದಿ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ದೂರು ಕೇಳುವ ಅಧಿಕಾರಿ) ಬರೆಯಿರಿ.

ತೀರ್ಥಹಳ್ಳಿಯ ತಂದೆ: ಎರಡು ವರ್ಷದ ಹಿಂದೆ ಎಲ್ಲಿದ್ದಿರಿ ನೀವು?

ಮೈಸೂರಿನ ತಾಯಿ: ಭಾನುವಾರ ಅವಳ ಪಂದ್ಯವಿದೆ. ಕಳುಹಿಸಲೇ?

ಶಿರಸಿಯ ತಾಯಿ: ಎದೆ ಹಿಡಿದುಕೊಂಡ ಹುಡುಗಿಯನ್ನೇ? ಬೇಡ ತಾಯಿ. ತೀರ್ಮಾನ ಆಗುವವರೆಗೆ ಬೇಡ.

ತೀರ್ಥಹಳ್ಳಿಯ ತಂದೆ: ಬೇಡ. ಹುಬ್ಬಳ್ಳಿಯವರೇ, ಆ ಓಂಬುಡ್ಸ್‌ಮನ್ ವಿಳಾಸ ಹಾಕಿ.