ಪದಚರ್ಚೆ: ‘ಬಸ್ತಿ’ ಎಂದರೆ ಚೀಲವೋ, ಚಿಕಿತ್ಸೆಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಅಪ್ಪನಿಗೆ 71 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಗಂಡಸರಲ್ಲಿ ಮೂತ್ರಾಶಯದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಸ್ಕ್ಯಾನಿಂಗ್‌ಗೆಂದು ಕೊಪ್ಪಳದಿಂದ ಬಳ್ಳಾರಿಗೆ ಕರೆದುಕೊಂಡು ಹೋದೆ. ಮೊದಲೇ ಕೊಟ್ಟಿದ್ದ ಚೀಟಿಯಲ್ಲಿ ‘ಬಸ್ತಿ ಶುದ್ಧಿಯಾಗಿರಬೇಕು’ ಎಂದಿತ್ತು. ನಮ್ಮೂರಲ್ಲಿ ಬಸ್ತಿ ಎಂದರೆ ಜೈನರ ಗುಡಿ. ನಿಘಂಟು ತೆರೆದೆ: ಕಿಬ್ಬೊಟ್ಟೆ, ಮೂತ್ರಾಶಯ. ಮೂತ್ರ ಮಾಡಿ ಬರಬೇಕು ಎಂದು ತಿಳಿದೆ. ರೈಲಿಳಿದು ಅಪ್ಪ ಅದನ್ನು ಮುಗಿಸಿಕೊಂಡೇ ಬಂದರು. ನರ್ಸ್ ಕೇಳಿದ್ದು ಬೇರೆ: ‘ಎನಿಮಾ ಆಗಿದೆಯೇ?’ ಎಂದರೆ, ಗುದದ ಮೂಲಕ ಔಷಧ ಏರಿಸಿ ಮಲ ಹೋಗಿಸಿಕೊಂಡಿದ್ದೀರಾ ಎಂದು. ಅಂದು ಪರೀಕ್ಷೆ ಆಗಲಿಲ್ಲ. ಬಿಸಿಲಲ್ಲಿ ಅಪ್ಪನನ್ನು ಮರಳಿ ಕರೆತರುವಾಗ ನನಗೆ ಹೊಟ್ಟೆ ಉರಿಯಿತು.

ತಪ್ಪು ನಿಘಂಟಿನದಲ್ಲ. ಸಂಸ್ಕೃತದ ‘ವಸ್ತಿ’ ಅಥವಾ ‘ಬಸ್ತಿ’ ಎಂದರೆ ಮೂತ್ರಾಶಯವೇ. ಹಿಂದೆ ಎಮ್ಮೆ, ಜಿಂಕೆ, ಆಡುಗಳ ಮೂತ್ರಾಶಯವನ್ನು ಹದಮಾಡಿ, ಅದರ ಬಾಯಿಗೆ ನಳಿಗೆ ಕಟ್ಟಿ, ಗುದದ ಮೂಲಕ ಔಷಧ ಏರಿಸುತ್ತಿದ್ದರು. ಚರಕಸಂಹಿತೆಯಲ್ಲಿ ಇದರ ವಿವರವಿದೆ. ಹಾಗೆ ಚೀಲದ ಹೆಸರು ಚಿಕಿತ್ಸೆಗೂ ಅಂಟಿತು. ಪದದ ಈ ನಡೆ ನನಗೆ ಬಹಳ ಇಷ್ಟ. ಆದರೆ ಇದೇ ಗ್ರಂಥಿಯನ್ನು ಹೊಟ್ಟೆಯ ಮೇಲಿಂದ ನೋಡುವುದಾದರೆ ಮೂತ್ರಾಶಯ ತುಂಬಿರಬೇಕು; ಗುದದ ಮೂಲಕ ನೋಡುವುದಾದರೆ ಮಲ ಹೋಗಿರಬೇಕು. ಎರಡೂ ಕಡೆ ಹೊಂದುವ ಒಂದೇ ಪದ ರೋಗಿಯ ಚೀಟಿಯಲ್ಲಿ ಇರಬಾರದು.

ಅಕ್ಕನಿಗೆ ಹೇಳಿದಾಗ, ‘ಎನಿಮಾ ಎಂದು ಬರೆದಿದ್ದರೆ ನನಗೆ ತಿಳಿಯುತ್ತಿತ್ತು’ ಎಂದಳು. ಹೆರಿಗೆಗೆ ಆಸ್ಪತ್ರೆ ಸೇರಿದ ನಮ್ಮ ಕಡೆಯ ಹೆಂಗಸರಿಗೆ ಆ ಪದ ಗೊತ್ತು. ಅಪ್ಪನ ವಯಸ್ಸಿನ ಗಂಡಸರಿಗೆ ಅದೂ ಹೊಸದು. ‘ಗುದದ ಮೂಲಕ ಔಷಧ ಹಾಕಿಸಿಕೊಂಡು, ಎರಡಕ್ಕೆ ಹೋಗಿ ಬನ್ನಿ’ ಎಂದರೆ ಅವರಿಗೂ ಅರ್ಥವಾಗುತ್ತದೆ.

ಮರುವಾರ ಪರೀಕ್ಷೆ ಆಯಿತು. ಎಡಮಗ್ಗುಲಾಗಿ ಮಲಗಿ, ಮೊಣಕಾಲುಗಳನ್ನು ಎದೆಯತ್ತ ಮಡಚಿಕೊಂಡ ಅಪ್ಪ, ‘ನೋವಾಗುತ್ತದೆಯೇ ತಾಯಿ?’ ಎಂದರು. ‘ಒತ್ತಿದ ಹಾಗೆ ಆಗುತ್ತದೆ ಅಜ್ಜ, ಉಸಿರು ಬಿಡಿ’ ಎಂದಳು ನರ್ಸ್. ಅಪ್ಪನ ಬಿಗಿದ ಮುಷ್ಟಿ ಸಡಿಲವಾಯಿತು. ಚೀಟಿಯಲ್ಲಿ ‘ಅಸ್ವಸ್ಥತೆ ಉಂಟಾಗಬಹುದು’ ಎಂದಿತ್ತು. ಅದನ್ನು ಓದಿ ಅವರು ಕಾಯಿಲೆ ಹೆಚ್ಚುತ್ತದೆಂದು ಹೆದರಿದ್ದರು.

ಆ ಕೇಂದ್ರಕ್ಕೆ ತಿದ್ದಿದ ಚೀಟಿಯನ್ನು ಬರೆದು ಕೊಡುತ್ತಿದ್ದೇನೆ. ‘ಪುರಸ್ಥ ಗ್ರಂಥಿ’ ಎಂಬುದನ್ನು ಬಿಟ್ಟು ‘ಪ್ರಾಸ್ಟೇಟ್’ ಎಂದೇ ಉಳಿಸಿದ್ದೇನೆ. ಗ್ರೀಕ್ ಮೂಲದಲ್ಲೂ ಅರ್ಥ ‘ಮುಂದೆ ನಿಂತದ್ದು’ ಎಂದೇ, ಆದರೆ ಡಾಕ್ಟರ ಬಾಯಲ್ಲಿ ರೋಗಿ ಕೇಳುವುದು ಪ್ರಾಸ್ಟೇಟ್. ಎನಿಮಾಕ್ಕೆ ರಾಯಚೂರು, ಬಳ್ಳಾರಿ ಕಡೆಯ ಹಿರಿಯರು ಬಳಸುವ ಮಾತು ಬೇರೆ ಇದೆಯೇ? ತಿಳಿದವರು ಬರೆಯಿರಿ.