ಗದ್ದೆಯ ಕೆಸರಿನಲ್ಲಿ ಹೂತ ಟ್ರ್ಯಾಕ್ಟರ್: ಹೊರತೆಗೆದ ಮೇಲೆ ಏನೇನು ನೋಡಬೇಕು?

ಪ್ರಶ್ನೆ (ಪೊನ್ನಂಪೇಟೆ ಕಡೆಯಿಂದ)

ಮಾನ್ಯರೇ, ಕಳೆದ ಭಾನುವಾರ ನಾಟಿಗೆ ಗದ್ದೆ ಹದ ಮಾಡುತ್ತಿದ್ದಾಗ ನನ್ನ 24 ಎಚ್‌ಪಿ ಫೋರ್ ವೀಲ್ ಡ್ರೈವ್ ಪುಟ್ಟ ಟ್ರ್ಯಾಕ್ಟರ್ ತೋಡಿನ ಪಕ್ಕದ ಜೌಗಿನಲ್ಲಿ ಹೂತುಹೋಯಿತು. ಹಿಂದಿನ ಆಕ್ಸಲ್ ಪೂರ್ತಿಯಾಗಿ ಕೆಸರಿನೊಳಗಿತ್ತು, ಮುಂದಿನ ಹಬ್‌ಗಳೂ (ಚಕ್ರದ ನಡುಭಾಗ) ಕಾಣುತ್ತಿರಲಿಲ್ಲ. ಮಧ್ಯಾಹ್ನ 3 ಗಂಟೆಯಿಂದ ಮರುದಿನ ಬೆಳಿಗ್ಗೆ 10ರವರೆಗೆ ಅದು ಹಾಗೆಯೇ ಕುಳಿತಿತ್ತು. ಕೊನೆಗೆ ನೆರೆಯವರ ದೊಡ್ಡ ಟ್ರ್ಯಾಕ್ಟರಿನಿಂದ ಎಳೆಸಿ, ತೊಳೆದು ಶೆಡ್ಡಿಗೆ ತಂದಿಟ್ಟಿದ್ದೇನೆ. ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಯಾವ ಸದ್ದೂ ಇಲ್ಲ. ನಾಟಿಯ ಗಡಿಬಿಡಿ ಮುಗಿಯುವ ತನಕ ಬರಲಾಗದು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಇನ್ನೂ ಎರಡು ಎಕರೆ ಬಾಕಿಯಿದೆ. ಅದನ್ನು ಮುಗಿಸಿಬಿಡಬಹುದೇ, ಇಲ್ಲವೇ ಮೊದಲು ನಾನೇ ನೋಡಬೇಕಾದುದು ಏನಾದರೂ ಇದೆಯೇ? ಅನುಭವ ಇದ್ದವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ನಾಪೋಕ್ಲು ಕಡೆಯಿಂದ)

ದಯವಿಟ್ಟು ಇನ್ನೊಮ್ಮೆ ಸ್ಟಾರ್ಟ್ ಮಾಡುವ ಮೊದಲು ಹಿಂದಿನ ಹೌಸಿಂಗಿನ (ಗೇರು, ಆಕ್ಸಲ್ ಇರುವ ಕಬ್ಬಿಣದ ಪೆಟ್ಟಿಗೆಯ) ಆಯಿಲ್ ನೋಡಿ. ಮೂರು ವರ್ಷದ ಹಿಂದೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನನಗೂ ಇದೇ ಗತಿಯಾಗಿತ್ತು. ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂಬ ಧೈರ್ಯದ ಮೇಲೆ ನಾನು ಹದಿನೈದು ದಿನ ಕೆಲಸ ತೆಗೆದೆ. ಆಮೇಲೆ ಒಂದು ದಿನ ರೋಟವೇಟರ್ ಎತ್ತುವಾಗ ಲಿಫ್ಟ್ ನಡುಗತೊಡಗಿತು, ಪಂಪಿನಿಂದ ಕೀಚಲು ಸದ್ದು ಬಂತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಬೆಳಿಗ್ಗೆ ಮನೆಯಲ್ಲಿ ಕುಡಿಯುವ ಹಾಲು ಹಾಕಿದ ಕಾಫಿಯದೇ ಬಣ್ಣ. ನಮ್ಮ ಪುಟ್ಟ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವುಗಳಿಗೆ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್. ನೀರು ಸೇರಿತೆಂದರೆ ಗೇರು, ಬೇರಿಂಗು, ಪಂಪು ಎಲ್ಲವೂ ಒಟ್ಟಿಗೆ ತೊಂದರೆಗೆ ಸಿಲುಕುತ್ತವೆ.

ಇಷ್ಟು ಭದ್ರವಾಗಿರುವ ಹೌಸಿಂಗಿನೊಳಗೆ ನೀರು ಹೇಗೆ ಹೋಯಿತೆಂದು ಆಗ ನನಗೂ ಆಶ್ಚರ್ಯವಾಗಿತ್ತು. ಗಂಟೆಗಟ್ಟಲೆ ಉತ್ತು ಬಿಸಿಯಾದ ಹೌಸಿಂಗ್ ತಣ್ಣನೆಯ ಕೆಸರುನೀರಿನಲ್ಲಿ ರಾತ್ರಿಯಿಡೀ ಕುಳಿತಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಹೌಸಿಂಗಿಗೆ ಗಾಳಿ ಆಡಲೆಂದು ಇರುವ ಸಣ್ಣ ದಾರಿ, ಅಂದರೆ ಬ್ರೀದರ್, ಕೆಸರಿನಿಂದ ಮುಚ್ಚಿಹೋಗಿದ್ದರೆ ಆ ಎಳೆತಕ್ಕೆ ಆಯಿಲ್ ಸೀಲಿನ ಅಂಚಿನಿಂದಲೇ ನೀರು ಒಳಗೆ ಬರುತ್ತದೆ. ಆಯಿಲ್ ಹೊರಹೋಗದಂತೆ ತಡೆಯುವುದಕ್ಕೆಂದು ಕೂರಿಸಿದ ಸೀಲು ಹೊರಗಿನ ನೀರನ್ನು ಅಷ್ಟೇ ಗಟ್ಟಿಯಾಗಿ ತಡೆಯಲಾರದು. ನಿಮ್ಮ ಬಂಡಿ 19 ಗಂಟೆ ಕೆಸರಿನಲ್ಲಿತ್ತು ಎಂದು ಓದಿದ ಕೂಡಲೇ ನನಗೆ ನೆನಪಾದದ್ದು ಇದೇ.

ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ಒಂದು ರಾತ್ರಿಯಾದರೂ ಅಲುಗಾಡಿಸದೆ ನಿಲ್ಲಿಸಿ. ಬೆಳಿಗ್ಗೆ ಕೆಳಗೆ ಅಗಲವಾದ ಬೇಸಿನ್ ಇಟ್ಟು, ಡ್ರೈನ್ ನಟ್ಟನ್ನು ಪೂರ್ತಿ ಬಿಚ್ಚದೆ, ಹನಿ ಹನಿಯಾಗಿ ಜಿನುಗುವಷ್ಟು ಮಾತ್ರ ಸಡಿಲಿಸಿ. ನೀರು ಆಯಿಲಿಗಿಂತ ಭಾರವಾದುದರಿಂದ ತಳದಲ್ಲಿ ನಿಂತಿದ್ದರೆ ಅದೇ ಮೊದಲು ಬರುತ್ತದೆ. ಆ ಮೊದಲ ಒಂದೆರಡು ಲೋಟವನ್ನು ಗಾಜಿನ ಬಾಟಲಿಗೆ ಹಿಡಿದಿಡಿ. ನೀವು ಈಗಾಗಲೇ ಓಡಿಸಿರುವುದರಿಂದ ನೀರು ಕದಡಿ ಆಯಿಲಿನೊಡನೆ ಬೆರೆತಿರಲೂಬಹುದು. ಆಗ ನೀರು ಬೇರೆಯಾಗಿ ಬರುವುದಿಲ್ಲ, ಬಣ್ಣವೇ ಬಿಳಿಚಿಕೊಂಡಿರುತ್ತದೆ. ಬಣ್ಣದಲ್ಲಿ ಸಂಶಯವಿದ್ದರೆ ಚೆನ್ನಾಗಿ ಕಾದ ತಗಡಿನ ಮೇಲೆ ಒಂದೇ ಒಂದು ಹನಿ ಬಿಟ್ಟು ದೂರ ನಿಂತು ನೋಡಿ. ಶುದ್ಧ ಆಯಿಲ್ ಸುಮ್ಮನೆ ಹೊಗೆಯಾಡುತ್ತದೆ, ನೀರು ಸೇರಿದ್ದು ಒಗ್ಗರಣೆಯ ಸಾಸಿವೆಯಂತೆ ಚಟಪಟ ಎನ್ನುತ್ತದೆ. (ಅಡುಗೆಮನೆಯ ಬಾಣಲೆಯಲ್ಲಿ ಈ ಪರೀಕ್ಷೆ ಮಾಡಿ ನಾನು ಮನೆಯವರಿಂದ ಬೈಸಿಕೊಂಡಿದ್ದೇನೆ.)

ಮುಂದಿನ ಆಕ್ಸಲನ್ನು ಮರೆಯಬೇಡಿ. ಫೋರ್ ವೀಲ್ ಡ್ರೈವ್‌ನಲ್ಲಿ ಅದಕ್ಕೆ ಬೇರೆಯೇ ಆಯಿಲ್ ಇರುತ್ತದೆ, ಎಡಬಲದ ಹಬ್‌ಗಳ ಕೆಳಗೆ ಪ್ರತ್ಯೇಕ ಡ್ರೈನ್ ಇರುತ್ತದೆ. ಒಂದು ಕಡೆ ಸ್ವಚ್ಛವಾಗಿದೆಯೆಂದು ಇನ್ನೊಂದು ಕಡೆಯನ್ನು ಬಿಡಬಾರದು. ಬೇಲಿ ತಂತಿಯ ತುಂಡೋ ಪ್ಲಾಸ್ಟಿಕ್ ಹಗ್ಗವೋ ಹಬ್‌ಗೆ ಸುತ್ತಿಕೊಂಡು ಸೀಲನ್ನು ಕತ್ತರಿಸಿರುವುದೂ ಉಂಟು. ಎಂಜಿನ್ ಮುಳುಗಿಲ್ಲವಾದ್ದರಿಂದ ಅದರ ಡಿಪ್‌ಸ್ಟಿಕ್ಕನ್ನೂ ಏರ್ ಕ್ಲೀನರ್ ಬಟ್ಟಲನ್ನೂ ಒಮ್ಮೆ ನೋಡಿದರೆ ಸಾಕು.

ಉತ್ತರ (ಶನಿವಾರಸಂತೆ ಕಡೆಯಿಂದ)

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕ್ಲಚ್ ಹೌಸಿಂಗಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಕೆಲವದರಲ್ಲಿ ಅದರೊಳಗೆ ಸಡಿಲವಾದ ಪಿನ್ ಇರುತ್ತದೆ. ಕೆಸರು ಅಲ್ಲಿಂದ ಒಳಗೆ ಹೋಗುತ್ತದೆ, ಆಮೇಲೆ ತೂತು ಗಟ್ಟಿಯಾಗಿ ಮುಚ್ಚಿ ನೀರು ಒಳಗೇ ಉಳಿಯುತ್ತದೆ. ತಂತಿ ಹಾಕಿ ಬಿಡಿಸಿ. ನನ್ನದರಲ್ಲಿ ಹಾಗೆ ಉಳಿದ ನೀರಿನಿಂದ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿ ಕುಳಿತಿತ್ತು. ನಾಟಿಯ ನಂತರ ಒಂದು ತಿಂಗಳು ಮುಟ್ಟದೆ ಬಿಟ್ಟದ್ದೇ ತಪ್ಪಾಯಿತು. ಕೈಲ್ ಮುಹೂರ್ತದ (ಕೊಡಗಿನ ಆಯುಧಪೂಜೆಯ ಹಬ್ಬ) ಪೂಜೆಗೆಂದು ಹೊರಗೆ ತೆಗೆಯಲು ಹೋದರೆ ಕ್ಲಚ್ ಬಿಡಲೇ ಇಲ್ಲ.

ಉತ್ತರ (ಶ್ರೀಮಂಗಲ ಕಡೆಯಿಂದ)

ಪ್ರಶ್ನೆ ಹೊರತೆಗೆದ ನಂತರದ್ದಾದರೂ, ಎಳೆದ ರೀತಿಯೇ ಅರ್ಧ ಹಾನಿಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ. ಹೂತ ತಕ್ಷಣ ಎಲ್ಲರೂ ಮಾಡುವ ತಪ್ಪೆಂದರೆ ಆಕ್ಸಿಲರೇಟರ್ ಕೊಟ್ಟು ಚಕ್ರ ತಿರುಗಿಸುವುದು. ಚಕ್ರ ತಿರುಗಿದಷ್ಟೂ ಗುಂಡಿ ಆಳವಾಗಿ, ಕೊನೆಗೆ ಹೌಸಿಂಗಿನ ಹೊಟ್ಟೆಯೇ ಕೆಸರಿನ ಮೇಲೆ ಕುಳಿತುಬಿಡುತ್ತದೆ. ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು) ಹಾಕುವುದಿದ್ದರೆ ಚಕ್ರ ಸುಮ್ಮನೆ ಸುತ್ತಲು ತೊಡಗುವ ಮೊದಲೇ, ಸ್ಟಿಯರಿಂಗ್ ನೇರವಾಗಿರುವಾಗ ಹಾಕಬೇಕು. ಒಂದು ಚಕ್ರ ವೇಗವಾಗಿ ತಿರುಗುತ್ತಿರುವಾಗ ಲಾಕ್ ಒತ್ತಿದ್ದರೆ, ಅಥವಾ ಲಾಕಿನಲ್ಲೇ ತಿರುಗಿಸಿದ್ದರೆ, ಒಳಗಿನ ಹಲ್ಲುಗಳಿಗೆ ಪೆಟ್ಟು ಬಿದ್ದಿರಬಹುದು. ಡ್ರೈನ್ ಮಾಡುವಾಗ ಆಯಿಲಿನಲ್ಲಿ, ಡ್ರೈನ್ ನಟ್ಟಿನ ಮ್ಯಾಗ್ನೆಟ್ಟಿನಲ್ಲಿ ಕಬ್ಬಿಣದ ಚೂರು ಇದೆಯೇ ಎಂದು ಬೆರಳಲ್ಲಿ ಸವರಿ ನೋಡಿ. ಮಸಿಯಂಥ ಪುಡಿ ಇದ್ದರೆ ಗಾಬರಿ ಬೇಡ. ಉಗುರಿಗೆ ತಾಗುವಂಥ ಚೂರಿದ್ದರೆ ಓಡಿಸಬೇಡಿ.

ಹಗ್ಗವನ್ನು ಎಲ್ಲಿಗೆ ಕಟ್ಟಿ ಎಳೆದಿರಿ ಎಂಬುದನ್ನು ನೀವು ಬರೆದಿಲ್ಲ. ಮುಂದಿನ ಆಕ್ಸಲ್ಲಿಗೋ ಟೈರಾಡಿಗೋ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಕಟ್ಟಿದ್ದರೆ ಟೈರಾಡ್ ಬಾಗಿದೆಯೇ, ಎರಡು ಚಕ್ರಗಳ ಮುಂದಿನ ಅಂಚಿನ ಅಂತರಕ್ಕೂ ಹಿಂದಿನ ಅಂಚಿನ ಅಂತರಕ್ಕೂ ಹೊಂದಿಕೆ ಇದೆಯೇ ಎಂದು ಟೇಪು ಹಿಡಿದು ಅಳೆಯಿರಿ. ಇನ್ನೊಂದು ವಿಷಯ, ಎಳೆದುಕೊಟ್ಟ ನೆರೆಯವರಿಗೂ ಹೇಳಿಡಿ: ಎಳೆಯುವ ಟ್ರ್ಯಾಕ್ಟರಿನಲ್ಲಿ ಸರಪಳಿಯನ್ನು ಹಿಂದುಗಡೆ ಕೆಳಗಿರುವ ಎಳೆಯುವ ಪಟ್ಟಿಗೇ (ಡ್ರಾಬಾರ್) ಹಾಕಬೇಕು, ಉಪಕರಣದ ಮೇಲುತುದಿಯನ್ನು ಜೋಡಿಸುವ ಟಾಪ್ ಲಿಂಕಿನ ಜಾಗಕ್ಕೆ ಎಂದೂ ಹಾಕಬಾರದು. ಮೇಲೆ ಕಟ್ಟಿ ಎಳೆದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಏರಿಸುವ ಹಳೆಯ ಉಪಾಯದಲ್ಲಿಯೂ ಇದೇ ಅಪಾಯ ಇದೆ. ನಮ್ಮ ಕಡೆ ಆನೆಯ ಭಯದಿಂದ ರಾತ್ರಿ ಗದ್ದೆಯಲ್ಲಿ ಬಿಟ್ಟುಬರಲು ಮನಸ್ಸಾಗದೆ, ಕತ್ತಲಾಗುವುದರೊಳಗೆ ತೆಗೆಯಬೇಕೆಂಬ ಆತುರದಲ್ಲೇ ಇಂಥವು ನಡೆಯುತ್ತವೆ.

ಉತ್ತರ (ಕುಶಾಲನಗರ ಕಡೆಯಿಂದ)

ನಾನು ಇಪ್ಪತ್ತು ವರ್ಷಗಳಿಂದ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ನಾಪೋಕ್ಲಿನವರ ಮಾತು ಸರಿ. ಆದರೆ ಆಯಿಲ್ ಬದಲಿಸಿದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬಾರದು. ಗೇರುಗಳ ಸಂದಿನಲ್ಲಿ, ಲಿಫ್ಟಿನ ಸಿಲಿಂಡರಿನಲ್ಲಿ ಉಳಿದ ನೀರು ಹೊಸ ಆಯಿಲನ್ನೂ ಬಿಳಿಚಿಸುತ್ತದೆ. ಆಯಿಲ್ ಬಿಳಿಚಿದ್ದರೆ ಪೂರ್ತಿ ಇಳಿಸಿ, ಹೊಸದನ್ನು ತುಂಬಿ, ಕೆಲವು ಗಂಟೆ ಹಗುರ ಕೆಲಸ ಮಾಡಿಸಿ, ಲಿಫ್ಟನ್ನು ಹಲವು ಬಾರಿ ಎತ್ತಿಳಿಸಿ, ಮತ್ತೊಮ್ಮೆ ಇಳಿಸಿ ತುಂಬಬೇಕು. ಫಿಲ್ಟರ್ ಕಾಗದದ್ದಾದರೆ ಎರಡೂ ಸಲ ಬದಲಿಸಿ, ತಂತಿಜಾಲರಿಯದಾದರೆ ತೊಳೆದು ಹಾಕಿ. ಎರಡೂ ಸಲ ಕಂಪನಿ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಬಳಸಿ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯದೆ ಇದನ್ನೆಲ್ಲ ಮಾಡಿದರೆ ಮುಂದಿನ ಸಲ ಇದೇ ಕಥೆ.

ತೊಳೆದಿಟ್ಟಿದ್ದೇನೆ ಎಂದಿರಲ್ಲ, ಪ್ರೆಶರ್ ವಾಷರಿನಲ್ಲಿ ತೊಳೆದಿದ್ದರೆ ಸ್ವಲ್ಪ ಚಿಂತೆಯ ವಿಷಯ. ಕೆಸರು ಮಾಡದ ಹಾನಿಯನ್ನು ಅದರ ನೀರು ಸೀಲಿನೊಳಗೆ, ಆಲ್ಟರ್‌ನೇಟರಿನೊಳಗೆ, ಸ್ಟಾರ್ಟರಿನೊಳಗೆ ನುಗ್ಗಿ ಮಾಡುತ್ತದೆ. ರೇಡಿಯೇಟರಿನ ಎಲೆಗಳಲ್ಲಿ ಕೂತ ಮಣ್ಣನ್ನು ಸಾದಾ ಪೈಪಿನಿಂದ, ಎಂಜಿನ್ ಕಡೆಯಿಂದ ಹೊರಮುಖವಾಗಿ ಬಿಡಿಸಿ. ಎದುರಿನಿಂದ ಹೊಡೆದರೆ ಮಣ್ಣು ಇನ್ನೂ ಒಳಕ್ಕೆ ತುರುಕಿಕೊಳ್ಳುತ್ತದೆ. ಕಿಂಗ್ ಪಿನ್, ಟೈರಾಡ್ ತುದಿ, ಮುಂದಿನ ಆಕ್ಸಲಿನ ನಡುವಿನ ಪಿನ್, ಪಿಟಿಒ (ಉಪಕರಣಗಳಿಗೆ ಶಕ್ತಿ ಕೊಡುವ) ಶಾಫ್ಟಿನ ಕ್ರಾಸು, ಹೀಗೆ ನಿಪ್ಪಲ್ ಇರುವ ಕಡೆಯಲ್ಲೆಲ್ಲ ಮಣ್ಣುನೀರು ಹೊರಬಂದು ಹೊಸ ಗ್ರೀಸ್ ಕಾಣುವ ತನಕ ಗನ್ ಒತ್ತಿ. ಚಕ್ರದ ನಟ್ಟುಗಳನ್ನು ಬಿಗಿದು, ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ್ದರೆ ಅದರ ಬೋಲ್ಟುಗಳನ್ನೂ ನೋಡಿ. ರಸ್ತೆಗೆ ಇಳಿಸುವ ಮೊದಲು ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ, ಅಂಗಳದಲ್ಲೇ ಒತ್ತಿ, ಎರಡೂ ಚಕ್ರ ಸಮನಾಗಿ ಹಿಡಿಯುತ್ತವೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಹಿಂದಿನ ಹೌಸಿಂಗಿನಿಂದ ಮೊದಲು ಅರ್ಧ ಲೋಟದಷ್ಟು ಕೆಂಪು ನೀರು ಬಂತು, ಅದರ ಹಿಂದೆ ಬಂದ ಆಯಿಲ್ ಬಿಳಿಚಿರಲಿಲ್ಲವಾದರೂ ತಗಡಿನ ಮೇಲೆ ಚಟಪಟ ಎಂದಿತು. ಮುಂದಿನ ಬಲಗಡೆಯ ಹಬ್ ಸ್ವಚ್ಛವಾಗಿದೆ. ಎಡಗಡೆಯದರಲ್ಲಿ ಕಾಫಿಯೇ ಇತ್ತು, ಸೀಲಿನ ಹಿಂದೆ ಒಂದು ಗೇಣು ನೈಲಾನ್ ದಾರ ಸುತ್ತಿಕೊಂಡಿತ್ತು. ಬ್ರೀದರ್ ತುಂಬ ಕೆಸರು. ನೆರೆಯವರ ಟ್ರ್ಯಾಕ್ಟರಿನವರೇ ಉಳಿದ ಎರಡು ಎಕರೆಯನ್ನು ನಾಳೆ ಉತ್ತುಕೊಡುತ್ತಾರೆ. ತೋಡಿನ ಪಕ್ಕದ ಆ ಮೂಲೆಯನ್ನು ಈ ವರ್ಷ ಗುದ್ದಲಿಯಲ್ಲೇ ಹದಮಾಡಿಸುತ್ತೇನೆ.