‘ಬಹುಶಿಸ್ತಿನ ತಂಡ’ ಎಂದರೆ ಬಹಳ ಶಿಸ್ತಿನ ತಂಡವೇ?

ಬಳಗದವರಿಗೆ ನಮಸ್ಕಾರ.

ಪಾರ್ಶ್ವವಾಯು ರೋಗಿಗಳ ಆರೈಕೆ ಕುರಿತ ತರಬೇತಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಆಸ್ಪತ್ರೆಯ ಶುಶ್ರೂಷಾಧಿಕಾರಿಗಳು, ಫಿಸಿಯೋಥೆರಪಿಯವರು, ಆಹಾರತಜ್ಞರು. ಮೊದಲ ಪುಟದಲ್ಲೇ ಎರಡು ಪದಗಳು ದಾರಿಗೆ ಅಡ್ಡ ನಿಂತಿವೆ: ‘ಮಲ್ಟಿಡಿಸಿಪ್ಲಿನರಿ’ ಮತ್ತು ‘ಇಂಟರ್‌ಪ್ರೊಫೆಷನಲ್’.

ಮೊದಲನೆಯದಕ್ಕೆ ಶಿಕ್ಷಣ ವಲಯದ ಬರಹಗಳಲ್ಲಿ ‘ಬಹುಶಿಸ್ತೀಯ’ ಎಂಬುದು ನಡೆಯುತ್ತಿದೆ. ವಿಶ್ವವಿದ್ಯಾಲಯದ ಒಳಗೆ ‘ಶಿಸ್ತು’ ಎಂದರೆ ಜ್ಞಾನಶಾಖೆ ಎಂದು ತಿಳಿಯುತ್ತದೆ, ಅದಕ್ಕೆ ತೊಂದರೆಯಿಲ್ಲ. ವಾರ್ಡಿನಲ್ಲಿ ‘ಬಹುಶಿಸ್ತಿನ ತಂಡ’ ಎಂದರೆ ಹೊತ್ತಿಗೆ ಸರಿಯಾಗಿ ಬಂದು ಸಮವಸ್ತ್ರ ಸರಿಯಾಗಿ ತೊಡುವ ತಂಡ ಎಂದೇ ಕೇಳಿಸುತ್ತದೆ. ಹಾಗಿದ್ದರೆ ಸಂತೋಷವೇ, ಆದರೆ ಮೂಲದಲ್ಲಿ ಅಂಥ ಭರವಸೆಯೇನೂ ಇಲ್ಲ.

ಎರಡನೆಯದು ಇನ್ನೂ ಕಷ್ಟ. ‘ಅಂತರ್ವೃತ್ತಿ’ ಎಂದು ಸಂಧಿ ಮಾಡಿದರೆ ‘ಚಿತ್ತವೃತ್ತಿ’ಯ ನೆನಪಾಗಿ ಅಧ್ಯಾತ್ಮದ ಕಡೆಗೆ ಹೊರಳುತ್ತದೆ. ‘ಅಂತರವೃತ್ತಿ’ ಎಂದು ಬಿಡಿಸಿ ಬರೆದರೆ, ಕೊರೊನಾ ಕಾಲದ ‘ಅಂತರ ಕಾಯ್ದುಕೊಳ್ಳಿ’ ಫಲಕಗಳನ್ನು ಕಂಡ ಆಸ್ಪತ್ರೆಯವರು ಅದನ್ನು ದೂರ ನಿಂತು ಮಾಡುವ ಕೆಲಸವೆಂದು ತಿಳಿದರೆ ತಪ್ಪು ಅವರದಲ್ಲ.

ಎರಡಕ್ಕೂ ‘ತಂಡದ ಕೆಲಸ’ ಎಂದು ಹಾಕಿ ಮುಗಿಸಬಹುದಲ್ಲ ಎನ್ನಬೇಡಿ, ವ್ಯತ್ಯಾಸ ನಿಜವಾಗಿಯೂ ಇದೆ. ಪಾರ್ಶ್ವವಾಯು ಬಡಿದ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಅದನ್ನು ನೋಡದೆ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನುಂಗುವುದನ್ನು ವಿವರವಾಗಿ ಪರೀಕ್ಷಿಸುವವರು ವಾಕ್ ಚಿಕಿತ್ಸಕರು. (ಮಾತಿನ ಡಾಕ್ಟರು ಗಂಟಲು ಏಕೆ ನೋಡುತ್ತಾರೆ ಎಂದು ಮನೆಯವರು ಕೇಳುತ್ತಾರೆ, ಆ ಹೆಸರೂ ಒಂದು ಸಮಸ್ಯೆಯೇ.) ಗಂಜಿ ಎಷ್ಟು ಮಂದವಾಗಿರಬೇಕೆಂದು ಅವರು ಹೇಳಬೇಕು, ಅದರಲ್ಲಿ ಪೋಷಕಾಂಶ ಸಾಲುವಂತೆ ಆಹಾರತಜ್ಞರು ನೋಡಬೇಕು, ಹೇಗೆ ಕೂರಿಸಬೇಕೆಂದು ಫಿಸಿಯೋಥೆರಪಿಯವರು ತೋರಿಸಬೇಕು, ಕೊನೆಗೆ ಉಣ್ಣಿಸುವವರು ನರ್ಸ್ ಅಥವಾ ಮಗಳು. ಪ್ರತಿಯೊಬ್ಬರೂ ಬಂದು ಕೇಸ್ ಶೀಟಿನಲ್ಲಿ ತಮ್ಮ ಸಾಲು ಬರೆದು ಹೋದರೆ ಅದು ಮೊದಲನೆಯ ಪದ. ಮಂಚದ ಬಳಿ ಒಟ್ಟಾಗಿ ನಿಂತು, ಒಬ್ಬರ ಮಾತಿಗೆ ಇನ್ನೊಬ್ಬರು ತಮ್ಮ ಯೋಜನೆ ಬದಲಿಸಿಕೊಂಡರೆ ಎರಡನೆಯದು.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಕಾರ್ಯಚೌಕಟ್ಟು ಈ ಎರಡನೆಯ ಬಗೆಯ ಕೆಲಸಕ್ಕೆ ಬೇಕಾದ ಕಲಿಕೆಯನ್ನು ಇಂಗ್ಲಿಷಿನ ಮೂರು ಸಣ್ಣ ಅವ್ಯಯಗಳಲ್ಲಿ (about, from, with) ಹಿಡಿದಿದೆ. ಕನ್ನಡದಲ್ಲಿ ಅದು ಬಲು ಸಲೀಸು: ‘ಒಬ್ಬರ ಕುರಿತೊಬ್ಬರು, ಒಬ್ಬರಿಂದೊಬ್ಬರು, ಒಬ್ಬರೊಡನೊಬ್ಬರು’. ವಿವರಣೆ ಇಷ್ಟು ಸೊಗಸಾಗಿ ಬರುವಾಗ ಶೀರ್ಷಿಕೆಗೆ ಮಾತ್ರ ಕಬ್ಬಿಣದ ಕಡಲೆ ಏಕೆ?

‘ಸಹಕಾರ’ವನ್ನು ಬಿಟ್ಟಿದ್ದೇನೆ. ಆಸ್ಪತ್ರೆಯಲ್ಲಿ ‘ಸಹಕರಿಸಿ’ ಎಂದರೆ ‘ಹೇಳಿದಂತೆ ಕೇಳಿ’ ಎಂದರ್ಥ. ‘ಸಹಯೋಗ’ ಆಮಂತ್ರಣ ಪತ್ರಿಕೆಯ ಆಸ್ತಿಯಾಗಿದೆ. ‘ಮುಯ್ಯಾಳು’ (ಹೊಲಗದ್ದೆಯಲ್ಲಿ ಆಳಿಗೆ ಬದಲು ಆಳಾಗಿ ದುಡಿಯುವುದು) ಆಸೆ ಹುಟ್ಟಿಸಿತು, ಆದರೆ ಅಲ್ಲಿ ನಾಟಿಗೆ ನಾಟಿಯೇ ಮರಳುತ್ತದೆ. ಇಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ ಎಂಬುದೇ ಮುಖ್ಯ. ಸದ್ಯಕ್ಕೆ ‘ಹಲವು ವೃತ್ತಿಗಳ ತಂಡ’ ಮತ್ತು ‘ವೃತ್ತಿಗಳ ನಡುವಣ ಕೂಡುಕೆಲಸ’ ಎಂದಿಟ್ಟಿದ್ದೇನೆ. ಉದ್ದವಾಯಿತು, ಗೊತ್ತು.

ಇದರ ಜೊತೆಗೇ ಇನ್ನೊಂದು ತಕರಾರು. ಫಿಸಿಯೋಥೆರಪಿಯವರಂಥ ‘ಪ್ಯಾರಾಮೆಡಿಕಲ್’ ಕೆಲಸದವರನ್ನು ಪತ್ರಿಕೆಗಳು ಇಂದಿಗೂ ‘ಅರೆವೈದ್ಯಕೀಯ ಸಿಬ್ಬಂದಿ’ ಎಂದೇ ಬರೆಯುತ್ತವೆ. ಅರೆಬೆಂದ, ಅರೆಮನಸ್ಸು, ಅರೆಕಾಲಿಕ ಎಂಬ ಸಾಲಿನಲ್ಲಿ ಇವರೂ ನಿಲ್ಲಬೇಕೆ? ಗ್ರೀಕಿನ ‘ಪ್ಯಾರಾ’ಗೆ ‘ಪಕ್ಕದ’ ಎಂದರ್ಥವೇ ಹೊರತು ‘ಅರ್ಧ’ ಎಂದಲ್ಲ. ಈ ವೃತ್ತಿಗಳ ಕುರಿತ ಕೇಂದ್ರದ 2021ರ ಕಾಯ್ದೆ ‘ಅಲೈಡ್’ ಮತ್ತು ‘ಹೆಲ್ತ್‌ಕೇರ್’ ವೃತ್ತಿಪರರೆಂದು ಎರಡು ಬಗೆ ಮಾಡಿ, ಮೊದಲಿನವರಿಗೆ ಕನಿಷ್ಠ 2,000, ಎರಡನೆಯವರಿಗೆ 3,600 ಗಂಟೆಗಳ ಕಲಿಕೆ ಗೊತ್ತುಪಡಿಸಿದೆ. ಅರ್ಧ ಎಂದು ಕರೆಸಿಕೊಂಡವರು ಪಕ್ಕದವರ ನಿರ್ಧಾರವನ್ನು ಪ್ರಶ್ನಿಸುವ ಧೈರ್ಯ ಮಾಡುತ್ತಾರೆಯೇ ಎಂಬುದು ನನ್ನ ಅನುಮಾನ. ‘ಸಹವೈದ್ಯಕೀಯ’ ನನಗೆ ಒಪ್ಪಿಗೆ, ಆದರೆ ಕಾಯ್ದೆಯ ಎರಡು ಬಗೆಗಳನ್ನು ಅದೊಂದೇ ಹೊರಲಾರದು.

ಆಸ್ಪತ್ರೆಗಳಲ್ಲಿ ದುಡಿಯುವವರು ಈ ಬಳಗದಲ್ಲಿದ್ದೀರಿ. ರೌಂಡ್ಸ್ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡುವಾಗ ಇವಕ್ಕೆ ಏನೆನ್ನುತ್ತೀರಿ? ಕಲಬುರಗಿ, ಬಳ್ಳಾರಿ ಕಡೆಯ ಬಳಕೆ ಬೇರೆಯಿದ್ದರೆ ಅದನ್ನೂ ತಿಳಿಸಿ.